ಹೊಟ್ಟೆಯನ್ನು ಚುರುಕಾಗಿಸುವ ಮಾತ್ರೆ ಎಷ್ಟು ದಿನ?

ಎದೆಯುರಿ, ಹುಳಿತೇಗು, ಉಂಡ ಮೇಲೆ ಹೊಟ್ಟೆಯುಬ್ಬರ, ಇವೆಲ್ಲಕ್ಕೂ ನಮ್ಮಲ್ಲಿ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು. ಅದಕ್ಕೆ ಸಿಗುವ ಮದ್ದೂ ಬಹುಮಟ್ಟಿಗೆ ಒಂದೇ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ, ಹೆಸರಿನ ಕೊನೆಗೆ ‘ಡಿ’ ಎಂದೋ ‘ಡಿಎಸ್‌ಆರ್’ ಎಂದೋ ಇರುವ ಕ್ಯಾಪ್ಸೂಲ್. ಅದರೊಳಗೆ ಸಾಮಾನ್ಯವಾಗಿ ಎರಡು ಔಷಧಿಗಳಿರುತ್ತವೆ. ಆಮ್ಲ ತಗ್ಗಿಸಲು 40 ಮಿಲಿಗ್ರಾಂ ಪ್ಯಾಂಟೊಪ್ರಜೋಲ್, ಹೊಟ್ಟೆಯ ಚಲನೆ ಚುರುಕಾಗಿಸಲು 30 ಮಿಲಿಗ್ರಾಂ ಡೊಂಪೆರಿಡೋನ್. ಈ ಎರಡನೆಯದನ್ನೂ ತಾವು ನುಂಗುತ್ತಿದ್ದೇವೆ ಎಂಬುದೇ ಅನೇಕರಿಗೆ ತಿಳಿದಿರುವುದಿಲ್ಲ.

ಜಠರವೆಂದರೆ ಬರೀ ಚೀಲವಲ್ಲ. ಅದರ ಸ್ನಾಯುಗಳು ನಿಮಿಷಕ್ಕೆ ಸುಮಾರು ಮೂರು ಸಲ ಅಲೆಯಲೆಯಾಗಿ ಕುಗ್ಗಿ, ತಿಂದದ್ದನ್ನು ರುಬ್ಬುಕಲ್ಲಿನ ಹಾಗೆ ಅರೆದು, ಸ್ವಲ್ಪಸ್ವಲ್ಪವೇ ಸಣ್ಣ ಕರುಳಿಗೆ ದಾಟಿಸುತ್ತವೆ. ಗಟ್ಟಿ ಆಹಾರವಾದರೆ ಇದಕ್ಕೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಈ ಕೆಲಸಕ್ಕೆ ಹುರುಪು ಕೊಡುತ್ತದೆ, ಡೋಪಮೈನ್ ಕಡಿವಾಣ ಹಾಕುತ್ತದೆ. ಮೆಟೊಕ್ಲೋಪ್ರಮೈಡ್, ಡೊಂಪೆರಿಡೋನ್, ಲೆವೊಸಲ್ಪಿರೈಡ್‌ಗಳು ಡೋಪಮೈನ್ ಬಂದು ಕೂರಬೇಕಾದ ಜಾಗವನ್ನು ತಾವೇ ಹಿಡಿದು ಆ ಕಡಿವಾಣವನ್ನು ಸಡಿಲಿಸುತ್ತವೆ. ವಾಂತಿ ಬರಿಸುವ ಮೆದುಳಿನ ಕೇಂದ್ರವೂ ಡೋಪಮೈನ್ ಮಾತು ಕೇಳುವುದರಿಂದ ವಾಂತಿಯೂ ನಿಲ್ಲುತ್ತದೆ.

ಆದರೆ ಡೋಪಮೈನ್‌ಗೆ ಹೊಟ್ಟೆಯ ಕೆಲಸವೊಂದೇ ಅಲ್ಲ. ಕೈಕಾಲು, ಮುಖ, ನಾಲಿಗೆಗಳ ಚಲನೆಯನ್ನು ಹದದಲ್ಲಿಡಲೂ ಮೆದುಳಿಗೆ ಅದು ಬೇಕು. 1960ರ ದಶಕದಲ್ಲಿ ಫ್ರಾನ್ಸಿನಿಂದ ಬಂದ ಮೆಟೊಕ್ಲೋಪ್ರಮೈಡ್ ಮೆದುಳಿಗೆ ಸಲೀಸಾಗಿ ನುಗ್ಗುತ್ತದೆ. ಹಾಗಾಗಿ ವಾಂತಿಗೆಂದು ಈ ಔಷಧಿ ಪಡೆದ ಕೆಲವರಿಗೆ, ಅದರಲ್ಲೂ ಮಕ್ಕಳಿಗೆ ಮತ್ತು ಎಳೆಯ ವಯಸ್ಸಿನವರಿಗೆ, ಒಂದೆರಡು ದಿನದೊಳಗೆ ಕತ್ತು ತಿರುಚಿಕೊಳ್ಳುವುದು, ದವಡೆ ಬಿಗಿಯುವುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು ಉಂಟು. ನೋಡಿದವರು ಫಿಟ್ಸ್ ಎಂದು ಹೆದರುತ್ತಾರೆ, ಗಾಳಿ ಸೋಕಿತೆಂದು ಯಂತ್ರ ಕಟ್ಟಿಸಲು ಹೊರಡುವವರೂ ಇದ್ದಾರೆ. ಕಾರಣ ಗುರುತಿಸಿದ ವೈದ್ಯರು ಪ್ರೊಮೆಥಜೀನ್‌ನಂಥ ಇಂಜೆಕ್ಷನ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತದೆ.

ವಯಸ್ಸಾದವರಲ್ಲಿ ತೊಂದರೆ ಹೀಗೆ ಕಣ್ಣಿಗೆ ಹೊಡೆಯುವುದಿಲ್ಲ. ಕೈ ನಡುಗುತ್ತದೆ, ನಡಿಗೆ ನಿಧಾನವಾಗುತ್ತದೆ, ಮುಖದಲ್ಲಿ ಭಾವ ಕಾಣದಾಗುತ್ತದೆ. ಪಾರ್ಕಿನ್‌ಸನ್ ಕಾಯಿಲೆಯೆಂದು ಅದಕ್ಕೊಂದು ಹೊಸ ಮಾತ್ರೆ ಶುರುವಾಗುತ್ತದೆ. 1995ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಮೆಟೊಕ್ಲೋಪ್ರಮೈಡ್ ಸೇವಿಸುತ್ತಿದ್ದ ಹಿರಿಯರಿಗೆ ಪಾರ್ಕಿನ್‌ಸನ್ ಔಷಧಿ ಲೆವೊಡೋಪಾ ಆರಂಭವಾಗುವ ಸಂಭವ ಉಳಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಒಂದು ಮಾತ್ರೆಯ ಅಡ್ಡಪರಿಣಾಮಕ್ಕೆ ಇನ್ನೊಂದು ಮಾತ್ರೆ! ನಮ್ಮಲ್ಲಿ ಹೇರಳವಾಗಿ ಬರೆಯುವ ಲೆವೊಸಲ್ಪಿರೈಡ್‌ಗೂ ಇದೇ ಚಾಳಿಯಿದೆ. ದೀರ್ಘ ಸೇವನೆಯಿಂದ ತುಟಿ, ನಾಲಿಗೆ ತಾವಾಗಿಯೇ ಆಡುತ್ತಿರುವ, ಮಾತ್ರೆ ಬಿಟ್ಟರೂ ಹೋಗದಿರಬಹುದಾದ ತೊಂದರೆ ಕಂಡದ್ದರಿಂದ, ಮೆಟೊಕ್ಲೋಪ್ರಮೈಡ್ 12 ವಾರ ಮೀರಬಾರದೆಂದು ಅಮೆರಿಕದ ಎಫ್‌ಡಿಎ 2009ರಲ್ಲಿ ಕಟುವಾಗಿ ಎಚ್ಚರಿಸಿತು. 2013ರಲ್ಲಿ ಯುರೋಪ್ ಅದನ್ನು ಐದು ದಿನಕ್ಕೆ ಇಳಿಸಿತು.

1974ರಲ್ಲಿ ಬೆಲ್ಜಿಯಂನ ಜಾನ್ಸೆನ್ ಪ್ರಯೋಗಾಲಯದಲ್ಲಿ ರೂಪುಗೊಂಡ ಡೊಂಪೆರಿಡೋನ್ ಮೆದುಳಿನೊಳಕ್ಕೆ ಅಷ್ಟಾಗಿ ಹೋಗುವುದಿಲ್ಲ. ನಡುಕ, ಬಿಗಿತ ಇದರಲ್ಲಿ ಅಪರೂಪ. ಆದರೆ ಮೆದುಳಿನ ತಡೆಗೋಡೆಯ ಆಚೆಗಿರುವ ಪಿಟ್ಯುಟರಿ ಗ್ರಂಥಿ ಇದಕ್ಕೆ ಎಟುಕುತ್ತದೆ. ಅಲ್ಲಿ ಡೋಪಮೈನ್ ಅಂಕೆ ತಪ್ಪಿದರೆ ಪ್ರೊಲ್ಯಾಕ್ಟಿನ್ ಹಾರ್ಮೋನು ಏರುತ್ತದೆ. ಬಾಣಂತಿಯಲ್ಲದವರ ಎದೆಯಲ್ಲೂ ಹಾಲು ಜಿನುಗಬಹುದು, ಮುಟ್ಟು ಏರುಪೇರಾಗಬಹುದು, ಗಂಡಸರಿಗೆ ಎದೆ ಊದಿಕೊಳ್ಳಬಹುದು.

ಇದಕ್ಕಿಂತ ಗಂಭೀರವಾದದ್ದು ಹೃದಯದ ಲಯ. ಪ್ರತಿ ಬಡಿತದ ನಂತರ ಹೃದಯದ ಕೋಶಗಳು ಪೊಟ್ಯಾಸಿಯಂ ಹೊರಬಿಟ್ಟು ಮುಂದಿನ ಬಡಿತಕ್ಕೆ ಅಣಿಯಾಗುತ್ತವೆ. ಡೊಂಪೆರಿಡೋನ್ ಆ ದಾರಿಯನ್ನು ಕಿರಿದಾಗಿಸುತ್ತದೆ. ಅಣಿಯಾಗುವ ಹೊತ್ತು ಉದ್ದವಾದಷ್ಟೂ ಬಡಿತ ದಿಢೀರನೆ ಹದ ತಪ್ಪುವ ಅಪಾಯವಿದೆ. ಇಂಜೆಕ್ಷನ್ ರೂಪದ ಡೊಂಪೆರಿಡೋನ್ 1980ರ ದಶಕದಲ್ಲೇ ಹಿಂದೆ ಸರಿದದ್ದು ಇದೇ ಕಾರಣಕ್ಕೆ. ಇದೇ ದಾರಿಗೆ ಅಡ್ಡ ನಿಂತ ಇನ್ನೊಂದು ಚಲನವರ್ಧಕ (ಹೊಟ್ಟೆಯ ಚಲನೆ ಚುರುಕಾಗಿಸುವ ಔಷಧಿ) ಸಿಸಾಪ್ರೈಡ್ 80 ಸಾವುಗಳ ವರದಿಯ ಬಳಿಕ 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ಭಾರತ ಅದನ್ನು ನಿಷೇಧಿಸಿದ್ದು 2011ರಲ್ಲಿ.

ಡೊಂಪೆರಿಡೋನ್‌ನಿಂದ ಹೀಗಾಗುವುದು ಅಪರೂಪ, ನಿಜ. ಅರುವತ್ತು ದಾಟಿದವರು, ಹೃದಯದ ತೊಂದರೆಯಿರುವವರು, ಜೊತೆಗೆ ಸೋಂಕಿನ ಔಷಧಿಗಳಾದ ಕ್ಲಾರಿಥ್ರೊಮೈಸಿನ್ ಅಥವಾ ಫ್ಲುಕೊನಜೋಲ್ ಸೇವಿಸುತ್ತಿರುವವರಲ್ಲಿ ಅಪಾಯ ಹೆಚ್ಚು. ಯುರೋಪ್ 2014ರಲ್ಲಿ ಇದರ ಬಳಕೆಯನ್ನು ವಾಕರಿಕೆ, ವಾಂತಿಗಳಿಗೆ ಮಾತ್ರ ಸೀಮಿತಗೊಳಿಸಿತು. ದೊಡ್ಡವರಿಗೆ ದಿನಕ್ಕೆ 30 ಮಿಲಿಗ್ರಾಂ ಮೀರಬಾರದು, ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಬೇಡ ಎಂದಿತು. ನಮ್ಮ ಕ್ಯಾಪ್ಸೂಲಿನಲ್ಲಿ ಆ ಗರಿಷ್ಠ ಮಿತಿಯೇ ದಿನದ ಮಾಮೂಲು ಪ್ರಮಾಣ. ಅದನ್ನು ಎದೆಯುರಿಗೆಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ.

ಎದೆಯುರಿಗೆ ಇದು ಬೇಕೇ? ಜಠರ ನಿಧಾನವಾಗಿದೆಯೆಂದು ಪರೀಕ್ಷೆಯಲ್ಲಿ ಖಚಿತವಾಗದ ಹೊರತು ಆಮ್ಲ ಹಿಮ್ಮರಳುವ ತೊಂದರೆಗೆ ಚಲನವರ್ಧಕ ಬೇಡ ಎನ್ನುತ್ತದೆ ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ 2022ರ ಮಾರ್ಗಸೂಚಿ. ಹೆಚ್ಚಿನವರಿಗೆ ಆಮ್ಲ ತಗ್ಗಿಸುವ ಮಾತ್ರೆಯೊಂದೇ ಸಾಕು. ಹಳೆಯ ಸಕ್ಕರೆ ಕಾಯಿಲೆಯಿಂದ ಜಠರದ ನರ ಸೋತವರಿಗೆ, ವಾಂತಿ ಕಾಡುವ ಕ್ಯಾನ್ಸರ್ ಮತ್ತು ಮೈಗ್ರೇನ್ ರೋಗಿಗಳಿಗೆ ಚಲನವರ್ಧಕಗಳು ನಿಜವಾಗಿ ಉಪಕಾರಿ. ತೊಂದರೆಯಿರುವುದು ಜೋಡಿ ಕ್ಯಾಪ್ಸೂಲಿನ ಅಭ್ಯಾಸದಲ್ಲಿ. ರೋಗಿಗಳ ಸಾಲು ಉದ್ದವಿರುವಾಗ ಉರಿಗೂ ಉಬ್ಬರಕ್ಕೂ ಒಂದೇ ಸಾಲು ಬರೆಯುವುದು ವೈದ್ಯರಿಗೆ ಸುಲಭ, ಹಳೆಯ ಚೀಟಿಯನ್ನೋ ಖಾಲಿ ಸ್ಟ್ರಿಪ್ಪನ್ನೋ ತೋರಿಸಿ ಮತ್ತೆ ಮತ್ತೆ ಕೊಳ್ಳುವುದು ರೋಗಿಗೂ ಸುಲಭ. ಐದು ದಿನಕ್ಕೆಂದು ಬರೆದದ್ದು ಐದು ವರ್ಷಕ್ಕೆ ಬೆಳೆಯುವುದು ಹೀಗೆ.

ಬಿಡಬೇಕೆಂದರೂ ವೈದ್ಯರನ್ನು ಕೇಳಿಯೇ ಬಿಡುವುದು ಒಳ್ಳೆಯದು. ಆಮ್ಲ ತಗ್ಗಿಸುವ ಔಷಧಿಯನ್ನು ಬಹುಕಾಲ ತೆಗೆದುಕೊಂಡು ತಟ್ಟನೆ ನಿಲ್ಲಿಸಿದರೆ ಕೆಲವು ವಾರ ಆಮ್ಲ ಮೊದಲಿಗಿಂತ ಹೆಚ್ಚು ಸ್ರವಿಸುತ್ತದೆ. ಆ ಉರಿಯನ್ನೇ ಕಾಯಿಲೆ ಮರಳಿತೆಂದು ತಿಳಿದು ಜನ ಮತ್ತೆ ಮಾತ್ರೆಗೆ ಶರಣಾಗುತ್ತಾರೆ. ‘ಡಿ’ ಇಲ್ಲದ ಮಾತ್ರೆ ನನಗೆ ಸಾಕೇ, ಎಷ್ಟು ದಿನ ತೆಗೆದುಕೊಳ್ಳಲಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಯಾವ ಯಾವ ಔಷಧಿ ನಡೆಯುತ್ತಿದೆ ಎಂದು ವೈದ್ಯರು ವಿಚಾರಿಸಿದಾಗ ಬಿಪಿ, ಶುಗರ್ ಮಾತ್ರೆಗಳನ್ನು ಹೇಳಿ ಗ್ಯಾಸ್ಟ್ರಿಕ್ ಮಾತ್ರೆಯನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸೋಂಕಿಗೊಂದು ಔಷಧಿ ಬರೆಯಲಿರುವ ಆ ವೈದ್ಯರಿಗೆ ಮೊದಲು ತಿಳಿಯಬೇಕಾದ ಮಾತ್ರೆ ಅದೇ ಆಗಿರಬಹುದು.