ಅಕ್ಕಡಿ ಸಾಲು

ಕಾರ್ತಿಕ ಮಾಸದ ಒಂದು ಬೆಳಗ್ಗೆ ತುಮಕೂರು, ಕೋಲಾರಗಳ ಕಡೆಯ ಯಾವುದಾದರೊಂದು ಬೆದ್ದಲು ಹೊಲದ ಬದುವಿನ ಮೇಲೆ ನಿಂತವನಿಗೆ, ತೆನೆಯ ಭಾರಕ್ಕೆ ತಲೆಬಾಗಿದ ರಾಗಿಯ ನಡುನಡುವೆ ಹಾದುಹೋಗಿರುವ ಅವರೆಯ ಹಸಿರು ಗೆರೆಗಳೂ, ಅಲ್ಲಲ್ಲಿ ಹುಚ್ಚೆಳ್ಳಿನ ಹಳದಿ ಹೂಗಳೂ, ಇವೆಲ್ಲವನ್ನೂ ಮೀರಿ ನಿಂತ ನಾಲ್ಕಾರು ಜೋಳದ ದಂಟುಗಳೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಪೇಟೆಯಿಂದ ಬಂದವನು ಇದನ್ನು ಅಚ್ಚುಕಟ್ಟಿಲ್ಲದ ಬೇಸಾಯವೆಂದು ಬಗೆದರೆ ಆಶ್ಚರ್ಯವಿಲ್ಲ. ನಾನೂ ಒಂದು ಕಾಲದಲ್ಲಿ ಹಾಗೆಯೇ ಬಗೆದಿದ್ದೆ. ಆದರೆ ಆ ಹಸಿರು ಗೆರೆಗಳ ನಡುವಣ ಅಂತರವು ಕೂರಿಗೆಯ ತಾಳುಗಳನ್ನು ಎಣಿಸಿ ನಿಶ್ಚಯಿಸಿದುದು. ಕೂರಿಗೆಯ ಬಟ್ಟಲಿನಿಂದ ರಾಗಿಯ ಬೀಜವು ತಾಳುಗಳಿಗೆ ಇಳಿಯುತ್ತಿರುವಾಗಲೇ, ಹಿಂದೆ ಹಗ್ಗದಲ್ಲಿ ಕಟ್ಟಿ ಎಳೆತರುವ ಪ್ರತ್ಯೇಕವಾದ ಬಿದಿರಿನ ಕೊಳವೆಯೊಂದರಲ್ಲಿ ಅವರೆಯನ್ನೋ ತೊಗರಿಯನ್ನೋ ಒಂದೊಂದೇ ಕಾಳಾಗಿ ಬಿಡುತ್ತ ಬರುವುದು ವಾಡಿಕೆ. ಹಳೆಯ ಮೈಸೂರಿನ ರೈತರು ಇದಕ್ಕೆ ಅಕ್ಕಡಿ ಸಾಲು ಎನ್ನುತ್ತಾರೆ.

ಈ ಪದ್ಧತಿ ಇಂದು ನಿನ್ನೆಯದಲ್ಲ. ಟಿಪ್ಪುವಿನ ಪತನಾನಂತರ, 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ಕಂಡುದನ್ನೆಲ್ಲ ಬರೆದಿಟ್ಟು 1807ರಲ್ಲಿ ಪ್ರಕಟಿಸಿದ ಫ್ರಾನ್ಸಿಸ್ ಬುಕನನ್ನನು ರಾಗಿಯ ನಡುವೆ ದ್ವಿದಳ ಧಾನ್ಯಗಳನ್ನು ಸಾಲಿಟ್ಟು ಬಿತ್ತುವ ಕ್ರಮವನ್ನೂ ಅದರ ಉಪಕರಣಗಳನ್ನೂ ವಿವರಿಸಿದ್ದಾನೆ.

ಕೃಷಿಶಾಸ್ತ್ರದ ಪರಿಭಾಷೆಯಲ್ಲಿ, ಒಂದೇ ಹೊಲದಲ್ಲಿ ಒಂದೇ ಬೆಳೆಯನ್ನು ಇಡುವುದು ಏಕಬೆಳೆ. ಹಲವು ಬೀಜಗಳನ್ನು ಬೆರೆಸಿ ಚೆಲ್ಲುವುದು ಮಿಶ್ರಬೆಳೆ. ಸಾಲುಗಳನ್ನು ಗೊತ್ತುಮಾಡಿ ಬಿತ್ತುವುದು ಅಂತರಬೆಳೆ. ಒಂದರ ತರುವಾಯ ಇನ್ನೊಂದನ್ನು ಸರದಿಯಂತೆ ತರುವುದು ಬೆಳೆ ಪರಿವರ್ತನೆ. ಹೆಸರುಗಳು ಇಷ್ಟು ಸಾಕು. ಮುಖ್ಯವಾದ ಪ್ರಶ್ನೆಯೆಂದರೆ, ಒಂದೇ ಮಣ್ಣಿನಲ್ಲಿ, ಒಂದೇ ಮಳೆಯನ್ನು ನಂಬಿ ಬೆಳೆಯುವ ಎರಡು ಪೈರುಗಳು ಪರಸ್ಪರ ಕಚ್ಚಾಡದೆ ಇರುವುದು ಹೇಗೆ ಎಂಬುದು.

ಅವುಗಳ ಹಸಿವಿನ ಹೊತ್ತು ಬೇರೆ ಬೇರೆಯಾಗಿರುವುದೇ ಇದರ ಗುಟ್ಟು. ರಾಗಿಯು ನಾಲ್ಕು ತಿಂಗಳ ಆಸುಪಾಸಿನಲ್ಲಿ ಕುಯ್ಲಿಗೆ ಬರುವ ಪೈರು. ನಾಡತೊಗರಿಗಾದರೋ ಆರು ತಿಂಗಳು, ಕೆಲವೊಮ್ಮೆ ಅದಕ್ಕೂ ಮೇಲೆ ಬೇಕು. ರಾಗಿಯು ತೆಂಡೆಯೊಡೆದು ಹರಡುವ ಕಾಲದಲ್ಲಿ ತೊಗರಿಯು ನೆರಳು ಚೆಲ್ಲುವಷ್ಟೂ ಬೆಳೆಯದೆ ಮೆಲ್ಲಗೆ ಬೇರನ್ನು ಇಳಿಸುತ್ತಿರುತ್ತದೆ; ರಾಗಿಯನ್ನು ಕೊಯ್ದು ಮೆದೆ ಹಾಕಿದ ಮೇಲೆ, ಬಯಲಾದ ಬೆಳಕಿನಲ್ಲಿ ಅದು ಕೈಕಾಲು ಚಾಚುತ್ತದೆ. ರಾಗಿಯ ಬೇರು ಜೊಂಪೆಯಾಗಿ ಮೇಲ್ಮಣ್ಣಿನಲ್ಲಿಯೇ ಹರಡಿಕೊಳ್ಳುವುದು, ತೊಗರಿಯ ತಾಯಿಬೇರು ಆಳಕ್ಕೆ ಹೋಗಿ ಅಲ್ಲಿ ಉಳಿದ ತೇವವನ್ನು ಹೀರುವುದು. ಹಳೆಯ ತಳಿಯ ಅವರೆಯಂತೂ ಹಗಲು ಕಿರಿದಾಗುವವರೆಗೆ ಹೂಬಿಡುವುದೇ ಇಲ್ಲ; ಇಬ್ಬನಿ ಬೀಳುವ ಕಾಲವೇ ಅದರ ಸೊಗಡಿನ ಕಾಲ. ಮುಂಗಾರು ಕೈಕೊಟ್ಟು ರಾಗಿ ಬಾಡಿದ ವರ್ಷದಲ್ಲಿಯೂ ಚಿತ್ತೆ, ಸ್ವಾತಿಗಳು ಒಂದೆರಡು ಹದ ಸುರಿಸಿದರೆ ಮನೆಗೆ ಕಾಳಾದರೂ ಬರುವುದುಂಟು. ಒಣಭೂಮಿಯ ಒಕ್ಕಲಿಗನಿಗೆ ಗರಿಷ್ಠ ಫಸಲಿಗಿಂತ ಬರಿಗೈಯಾಗದಿರುವುದು ದೊಡ್ಡದು. ಅವನ ಲೆಕ್ಕವನ್ನು ಅವನ ಕಣಜದ ಬಳಿ ನಿಂತೇ ನೋಡಬೇಕು.

ದ್ವಿದಳ ಸಸ್ಯಗಳು ಮಣ್ಣಿಗೆ ಒಳ್ಳೆಯವು ಎಂಬ ಮಾತು ಬಹು ಹಳೆಯದು. ಕಾರಣ ತಿಳಿದದ್ದು ಮಾತ್ರ ಈಚೆಗೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ನಾರ್‌ಫೋಕ್ ಪ್ರಾಂತದ ರೈತರು ಗೋಧಿ, ಟರ್ನಿಪ್ ಗೆಡ್ಡೆ, ಬಾರ್ಲಿ, ಕ್ಲೋವರ್ ಎಂಬ ನಾಲ್ಕು ವರ್ಷಗಳ ಸರದಿಯನ್ನು ರೂಢಿಗೆ ತಂದು, ಭೂಮಿಯನ್ನು ಬೀಳುಬಿಡುವ ವರ್ಷವನ್ನೇ ಇಲ್ಲವಾಗಿಸಿದರು. ಕ್ಲೋವರಿನ ತರುವಾಯ ಗೋಧಿ ಏಕೆ ಹುಲುಸಾಗುತ್ತದೆಂಬುದು ಅವರಿಗೆ ತಿಳಿಯದು. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ಟ್ ಎಂಬ ವಿದ್ವಾಂಸರು 1886ರಿಂದ 1888ರ ಅವಧಿಯಲ್ಲಿ, ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿ ನೆಲಸಿದ ಸೂಕ್ಷ್ಮಜೀವಿಗಳ ನೆರವಿನಿಂದ ವಾಯುವಿನ ಸಾರಜನಕವು ಸಸ್ಯಾಹಾರವಾಗುವುದನ್ನು ಸಿದ್ಧಪಡಿಸಿ ತೋರಿಸಿದರು. ಆದರೆ ಪಕ್ಕದ ಸಾಲಿನ ಅವರೆಯು ಅದೇ ವರ್ಷ ರಾಗಿಗೆ ಧಾರಾಳವಾಗಿ ಸಾರಜನಕವನ್ನು ಬಡಿಸುತ್ತದೆಂದು ತಿಳಿಯಬಾರದು; ಉದುರಿದ ಎಲೆಯೂ ಮಣ್ಣಿನಲ್ಲಿ ಉಳಿದ ಬೇರೂ ಕೊಳೆತ ಬಳಿಕ, ಮುಂದಿನ ಪೈರಿಗೇ ಅದರ ಹೆಚ್ಚಿನ ಪಾಲು ಸಲ್ಲುವುದು.

ನೆಲ ಬದಲಾದಂತೆ ಹಂಚಿಕೆಯೂ ಬದಲಾಗುತ್ತದೆ. ವಿಜಯಪುರದ ಎರೆಭೂಮಿಯಲ್ಲಿ ಮುಂಗಾರಿನ ತಿಂಗಳುಗಳನ್ನು ಬಿತ್ತದೆ ಕಳೆದು, ಕುಂಟೆ ಹೊಡೆದು ನೀರನ್ನು ಮಣ್ಣಿಗೆ ಕುಡಿಸಿ, ಹಿಂಗಾರಿಗೆ ಬಿಳಿಜೋಳವನ್ನೂ ಕಡಲೆಯನ್ನೂ ಬಿತ್ತುತ್ತಾರೆ. ಹೊಲದ ಅಂಚಿಗೆ ಕುಸುಬೆಯ ಸಾಲುಗಳು, ಎಣ್ಣೆಗೆ ಎಣ್ಣೆ, ಮುಳ್ಳಿರುವುದರಿಂದ ದನಕ್ಕೆ ಬೇಲಿ. ಕರಾವಳಿಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಭತ್ತದ ಬೆಳೆಗಳಿದ್ದರೂ, ಎತ್ತರದ ಬೆಟ್ಟುಗದ್ದೆಗೆ ಒಂದೇ, ನಡುಮಟ್ಟದ ಮಜಲಿಗೆ ಎರಡು, ತಗ್ಗಿನ ಬೈಲಿಗೆ ಮಾತ್ರ ಮೂರು.

ಮಲೆನಾಡಿನ ಅಡಕೆ ತೋಟದಲ್ಲಿ ಹಂಚಿಕೆ ನಡೆಯುವುದು ಎತ್ತರದಲ್ಲಿ: ನೆತ್ತಿಯಲ್ಲಿ ಅಡಕೆಯ ಸುಳಿ, ಅದರ ಕಾಂಡವನ್ನಪ್ಪಿದ ಮೆಣಸಿನ ಬಳ್ಳಿ, ನಡುವೆ ಬಾಳೆ, ತಳದ ತಂಪಿನಲ್ಲಿ ಏಲಕ್ಕಿ. ಇದನ್ನು ಸ್ವಯಂಪೂರ್ಣವಾದ ಕಾಡೆಂದು ಹೊಗಳುವವರು ತೋಟದ ಹಿಂದಿರುವ ಸೊಪ್ಪಿನ ಬೆಟ್ಟವನ್ನು ಮರೆಯುತ್ತಾರೆ. ಉತ್ತರ ಕನ್ನಡದಲ್ಲಿ 1 ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟವನ್ನು ಬಿಟ್ಟುಕೊಟ್ಟ ಪದ್ಧತಿಯುಂಟು. ಆ ಬೆಟ್ಟದ ಸೊಪ್ಪೂ ದರಕೂ ಕೊಟ್ಟಿಗೆಯನ್ನು ಹಾದು ಗೊಬ್ಬರವಾಗಿ ಬಂದರಷ್ಟೇ ನಾಲ್ಕು ಅಂತಸ್ತಿಗೂ ಊಟ.

ಕೂಡುಬೆಳೆಯ ಲಾಭವನ್ನು ಅಳೆಯಲು ವಿಜ್ಞಾನಿಗಳು ಒಂದು ಸುಲಭ ಗಣಿತವನ್ನು ಹೂಡಿದ್ದಾರೆ. ಒಂದು ಎಕರೆ ಕೂಡುಹೊಲದಲ್ಲಿ ರಾಗಿಯು ಬಿಡಿಬೆಳೆಯ ನೂರಕ್ಕೆ 80 ಭಾಗವನ್ನೂ, ತೊಗರಿಯು ನೂರಕ್ಕೆ 40 ಭಾಗವನ್ನೂ ಕೊಟ್ಟಿತೆಂದು ಇಟ್ಟುಕೊಳ್ಳೋಣ. ಎರಡನ್ನೂ ಕೂಡಿದರೆ 1.2, ಅಂದರೆ ಅಷ್ಟೇ ಫಸಲನ್ನು ಬೇರೆ ಬೇರೆಯಾಗಿ ಬೆಳೆಯಲು 1.2 ಎಕರೆ ನೆಲ ಬೇಕು. ಹುಲ್ಲು, ಕಟ್ಟಿಗೆ, ಸಂಜೆಯ ಸಾರಿಗೆ ಕಿತ್ತ ಎಳೆಯ ಕಾಯಿ ಇವು ಯಾವುವೂ ಆ ಗಣಿತದೊಳಗೆ ಬರುವುದಿಲ್ಲ. ಕಳೆ ತೆಗೆಯುವ ಎಡೆಕುಂಟೆಗೂ ಕಟಾವಿನ ಯಂತ್ರಕ್ಕೂ ಬೆರಕೆ ಬಿತ್ತನೆಯು ತೊಡಕೆಂಬುದು ಮಾತ್ರ ನಿಜವಾದ ಆಕ್ಷೇಪಣೆ. ಈ ಕಾರಣದಿಂದಲೇ ಕೃಷಿ ವಿಶ್ವವಿದ್ಯಾಲಯದವರು ನಾಲ್ಕಾರು ಬಗೆಯ ಅಕ್ಕಡಿಯನ್ನು ಬಿಟ್ಟು, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯೆಂಬ ಗೊತ್ತಾದ ಕ್ರಮವನ್ನು ಶಿಫಾರಸು ಮಾಡುತ್ತಾರೆ; ಹುಚ್ಚೆಳ್ಳಿಗೂ ಸಾಸಿವೆಗೂ ಅದರಲ್ಲಿ ಎಡೆಯಿಲ್ಲವಾದ್ದರಿಂದ, ಅನೇಕ ರೈತರು ಅವನ್ನು ಬದುವಿನ ಮಗ್ಗುಲಿಗೆ ಒಂದು ಹಿಡಿ ಚೆಲ್ಲಿಕೊಳ್ಳುತ್ತಾರೆ.