ಹಜರತ್‌ಗೂ ಬೇಕು ಟೀಚರ್ ಟ್ರೈನಿಂಗ್

ರಾಮನಗರದ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಟೀಚರ್ ಆಗೋಕೆ ಏನು ಬೇಕು? ಡಿಇಡಿ ಬೇಕು, ಟಿಇಟಿ ಪಾಸಾಗಿರಬೇಕು. ಅದೇ ಮಗು ಸಂಜೆ ಟೋಪಿ ಹಾಕ್ಕೊಂಡು ಮಸೀದಿ ಪಕ್ಕದ ಮಕ್ತಬ್‌ಗೆ ಹೋಗುತ್ತಲ್ಲ, ಅಲ್ಲಿ ಕುರ್‌ಆನ್ ಓದಿಸೋರಿಗೆ? ಅಂಥ ಯಾವ ಅರ್ಹತೆಯನ್ನೂ ಕಾನೂನು ಕೇಳೋದಿಲ್ಲ.

ಯಾರನ್ನೋ ದೂರೋಕೆ ಈ ಮಾತು ಹೇಳ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು, ಮದರಸಾ ಮತ್ತು ವೇದ ಪಾಠಶಾಲೆ ಎರಡನ್ನೂ ಅದರಿಂದ ಹೊರಗಿಟ್ಟರು. ಧಾರ್ಮಿಕ ಸ್ವಾತಂತ್ರ್ಯದ ದೃಷ್ಟಿಯಿಂದ ಅದಕ್ಕೆ ಕಾರಣ ಇದೆ. ಆದರೆ ಶಿಕ್ಷಕರ ಅರ್ಹತೆ, ಮಕ್ಕಳಿಗೆ ಹೊಡೆಯಬಾರದು ಅನ್ನೋ ನಿಯಮ ಇರೋದೂ ಅದೇ ಕಾಯ್ದೆಯಲ್ಲಿ.

ಇನ್ನೊಂದು ಗೊಂದಲ ಇದೆ, ಅದನ್ನೂ ಬಿಡಿಸೋಣ. ಮದರಸಾ ಅಂದರೆ ಮಗು ಅಲ್ಲೇ ಉಳಿದು ಆಲಿಂ ಆಗೋಕೆ ವರ್ಷಗಟ್ಟಲೆ ಓದುವ ಜಾಗ. ಮಕ್ತಬ್ ಅಂದರೆ ಶಾಲೆಗೆ ಹೋಗೋ ಮಗು ದಿನಕ್ಕೆ ಒಂದೆರಡು ಗಂಟೆ ಕೂರುವ ಜಾಗ. ರಾಮನಗರದ ರೀಲಿಂಗ್ ಯೂನಿಟ್ಟಿನವರ ಮಕ್ಕಳಾಗಲಿ, ಚನ್ನಪಟ್ಟಣದ ಬೊಂಬೆ ಮಾಡೋರ ಮಕ್ಕಳಾಗಲಿ ಹೆಚ್ಚಾಗಿ ಹೋಗೋದು ಮಕ್ತಬ್‌ಗೆ. ಕನಕಪುರ, ಮಾಗಡಿಯ ಸಣ್ಣ ಹಳ್ಳಿಗಳಲ್ಲಿ ನಮಾಜ್ ಮಾಡಿಸೋರೂ ಅವರೇ, ಮಕ್ಕಳಿಗೆ ಓದಿಸೋರೂ ಅವರೇ.

ಮಗುವಿನ ಪಾಡು ನೋಡಿ. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಮಕ್ತಬ್‌ನಲ್ಲಿ ಅರಬ್ಬಿ. ಅಕ್ಷರ ಕೂಡಿಸಿ ಓದೋದು ಬರುತ್ತೆ, ಅರ್ಥ ಬರಲ್ಲ. ಓದಿಸುವವರು ಆಲಿಂ ಇರಬಹುದು, ಕುರ್‌ಆನ್ ಪೂರ್ತಿ ಬಾಯಿಪಾಠ ಇರುವ ಹಾಫಿಜ್ ಇರಬಹುದು. ಆದರೆ ತನಗೆ ಗೊತ್ತಿರೋದು ಬೇರೆ, ಆರು ವರ್ಷದ ಮಗುವಿಗೆ ಕಲಿಸೋದು ಬೇರೆ.

ಇಲ್ಲಿ ನನಗೆ ಕಾಣೋ ದಾರಿ ಕಾಲೇಜು, ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು. ಕನ್ನಡ, ಉರ್ದು ಎರಡೂ ಬರುತ್ತೆ, ಶಾಲೆಯ ಸಿಲೆಬಸ್ಸೂ ಗೊತ್ತು. ಓಣಿ ಮಕ್ಕಳನ್ನು ಮನೆಯಲ್ಲೇ ಕೂರಿಸಿಕೊಂಡು ಸಿಪಾರ ಓದಿಸುವ ಹೆಣ್ಣುಮಕ್ಕಳು ಎಷ್ಟು ಜನ ಇಲ್ಲ! ಅವರಿಗೆ ನಾಲ್ಕು ವಿಷಯ ಕಲಿಸಬೇಕು. ಒಂದು, ತಜ್ವೀದ್, ಅಂದರೆ ಪ್ರತಿ ಅಕ್ಷರದ ಸರಿಯಾದ ಉಚ್ಚಾರಣೆ. ಇದನ್ನು ಬಲ್ಲ ಆಲಿಂಗಳೇ ಕಲಿಸಲಿ. ಎರಡು, ಓದಿದ್ದರ ಅರ್ಥವನ್ನು ಮಗುವಿಗೆ ತಿಳಿಯೋ ಭಾಷೆಯಲ್ಲಿ ಹೇಳೋದು. ಮೂರು, ಮಕ್ಕಳ ಮನಸ್ಸು, ಬೆತ್ತ ಇಲ್ಲದೆ ಪಾಠ ಮಾಡೋದು. ನಾಲ್ಕು, ಮಕ್ಕಳ ಸುರಕ್ಷತೆ, 2012ರ ಪೋಕ್ಸೊ ಕಾಯ್ದೆ.

ಇದೆಲ್ಲ ಆಗೋ ಮಾತಾ ಅಂತ ಕೇಳಬೇಡಿ. ಕೇರಳದಲ್ಲಿ 1951ರಲ್ಲೇ ಸಮಸ್ತ ಮದರಸಾಗಳಿಗೆ ಅಂತಲೇ ಒಂದು ಮಂಡಳಿ ಮಾಡಿ ಪಠ್ಯ, ಪರೀಕ್ಷೆಯ ವ್ಯವಸ್ಥೆ ತಂದರು. ನಮ್ಮ ಕರಾವಳಿಯ ಎಷ್ಟೋ ಮದರಸಾಗಳು ಅದನ್ನೇ ಅನುಸರಿಸುತ್ತವೆ. ಬೀದರ್‌ನ ಶಾಹೀನ್ ಸಂಸ್ಥೆ ಹಾಫಿಜ್ ಮಕ್ಕಳನ್ನು ಶಾಲಾ ಶಿಕ್ಷಣಕ್ಕೆ ತಂದಿದೆ. ಈಗ ವಿಶ್ವವಿದ್ಯಾಲಯದಿಂದ ಮಕ್ತಬ್ ಕಡೆಗೂ ಒಂದು ದಾರಿ ಬೇಕು, ಅಷ್ಟೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ 2011ರಿಂದ ಇಸ್ಲಾಮಿಕ್ ಧರ್ಮಶಾಸ್ತ್ರದ ಕೇಂದ್ರ ಇದೆ. ಶಾಲೆಯಲ್ಲಿ ಇಸ್ಲಾಂ ಪಾಠ ಮಾಡೋರು ಅಲ್ಲಿ ತಯಾರಾಗ್ತಾರೆ.

ನಮ್ಮಲ್ಲಿ ಒಂದು ಗೆರೆ ಇದೆ. ಸಂವಿಧಾನದ 28ನೇ ವಿಧಿ ಪ್ರಕಾರ, ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಸಂಸ್ಥೆಯಲ್ಲಿ ಧರ್ಮಬೋಧನೆ ಮಾಡುವಂತಿಲ್ಲ. ಹಾಗಾಗಿ ಬಿಇಡಿ ಕಾಲೇಜು ಬೋಧನಾ ಕ್ರಮ ಕಲಿಸಲಿ, ಧರ್ಮದ ಪಾಠ ಜಮಾತಿನ ಖರ್ಚಲ್ಲಿ ನಡೀಲಿ. ಉತ್ತರ ಪ್ರದೇಶದ ಮದರಸಾ ಕಾಯ್ದೆ ಬಗ್ಗೆ 2024ರ ನವೆಂಬರ್ 5ರಂದು ಸುಪ್ರೀಂ ಕೋರ್ಟ್ ಏನಂತು? ಕಾಯ್ದೆ ಸರಿ, ಆದರೆ ಮದರಸಾ ಮಂಡಳಿ ಪದವಿ ಕೊಡುವಂತಿಲ್ಲ, ಅದು ಯುಜಿಸಿ ಕಾಯ್ದೆಯ ವ್ಯಾಪ್ತಿ ಅಂತು. ಅಂದಮೇಲೆ ಪದವಿ ಬೇಕಾದವರು ವಿಶ್ವವಿದ್ಯಾಲಯದ ಬಾಗಿಲಿಗೇ ಬರಬೇಕು.

ಮಸೀದಿಗೆ ಹೊಸ ಮಿನಾರ್ ಕಟ್ಟೋಕೆ ಚಂದಾ ಎತ್ತುತ್ತೀರಿ, ಎತ್ತಿ. ಅದರಲ್ಲೊಂದು ಪಾಲು ಓದಿಸೋರ ತರಬೇತಿಗೂ, ಸಂಬಳಕ್ಕೂ ತೆಗೆದಿಡಿ ಅಂತ ನಾಲ್ಕೂ ತಾಲ್ಲೂಕಿನ ಜಮಾತಿನ ಹಿರಿಯರನ್ನು ಕೇಳ್ತೀನಿ.