ನಿಮಗಿದು ಗೊತ್ತೆ? ದ್ವೀಪದ ಮೇಲಿನ ಫುಟ್‌ಬಾಲ್ ಅಂಗಳ

ಇಂಗ್ಲೆಂಡಿನ ಪೋರ್ಟ್ಸ್‌ಮತ್ ನಗರದ ಬಹುಭಾಗ ಇರುವುದು ಪೋರ್ಟ್‌ಸೀ ಎಂಬ ದ್ವೀಪದಲ್ಲಿ. ಅಲ್ಲಿನ ಪೋರ್ಟ್ಸ್‌ಮತ್ ಕ್ಲಬ್‌ನ ತವರು ಮೈದಾನ ಫ್ರಾಟನ್ ಪಾರ್ಕ್. ಇಂಗ್ಲಿಷ್ ವೃತ್ತಿಪರ ಲೀಗ್ ತಂಡಗಳ ಪೈಕಿ ಬ್ರಿಟನ್ನಿನ ಮುಖ್ಯ ಭೂಭಾಗದಿಂದ ಆಚೆ ಅಂಗಳವಿರುವುದು ಇದೊಂದಕ್ಕೇ. ಆಚೆ ಎಂದರೆ ತೀರಾ ದೂರವೇನಲ್ಲ, ನಡುವೆ ಇರುವುದು ಕಿರಿದಾದೊಂದು ಕಡಲ ಕಾಲುವೆ ಅಷ್ಟೆ!

ತರಕಾರಿ ಬೆಳೆಯುತ್ತಿದ್ದ ಜಾಗದಲ್ಲಿ ಈ ಮೈದಾನ ಎದ್ದಿತು. 1899ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ನಡೆದ ಮೊದಲ ಪಂದ್ಯದಲ್ಲೇ ನೆರೆಯ ಬದ್ಧ ವೈರಿ ಸೌತಾಂಪ್ಟನ್ 2-0 ಗೋಲುಗಳಿಂದ ಸೋತಿತು. ಮನೆಗಳ ಸಾಲಿನ ನಡುವೆ ಇರುವ ಇದರ ಹೆಬ್ಬಾಗಿಲು ಕ್ರೀಡಾಂಗಣದ್ದೆಂದು ಅನ್ನಿಸುವುದೇ ಇಲ್ಲ. ಬಿಳಿ ಗೋಡೆಯ ಮೇಲೆ ಕಪ್ಪು ಮರದ ಪಟ್ಟಿಗಳು, ಇಳಿಜಾರು ಮಾಡು. ಥೇಟ್ ಟ್ಯೂಡರ್ ಕಾಲದ ಮನೆ. ದಕ್ಷಿಣದ ಸ್ಟ್ಯಾಂಡ್ 1925ರದ್ದು, ವಿನ್ಯಾಸ ಆರ್ಚಿಬಾಲ್ಡ್ ಲೀಚ್ ಅವರದು. ಈಗ ಸುಮಾರು 20 ಸಾವಿರ ಮಂದಿ ಹಿಡಿಸುವ ಇಲ್ಲಿ 1949ರಲ್ಲಿ ಡರ್ಬಿ ಕೌಂಟಿ ವಿರುದ್ಧದ ಪಂದ್ಯಕ್ಕೆ ಕಿಕ್ಕಿರಿದವರು 51,385 ಜನ!

ಫುಟ್‌ಬಾಲ್ ಲೀಗ್‌ನ ಮೊಟ್ಟಮೊದಲ ಹೊನಲು ಬೆಳಕಿನ ಪಂದ್ಯ ನಡೆದದ್ದೂ ಇಲ್ಲೇ, 1956ರ ಫೆಬ್ರುವರಿ 22ರಂದು. ಫ್ಯೂಸ್ ಕೈಕೊಟ್ಟು ಆಟ ತಡವಾಗಿ ಶುರುವಾಯಿತು. ಗೆದ್ದದ್ದು ಮಾತ್ರ ಅತಿಥಿ ತಂಡ ನ್ಯೂಕ್ಯಾಸಲ್, 2-0ರಿಂದ.